ತೂಕಕ್ಕೆ ಸಿಗದ ಹೊಗೆ

ಹೊಗೆಯನ್ನು ತೂಗಲೂಬಹುದು, ಎಣಿಸಲೂಬಹುದು. ಇವೆರಡರಲ್ಲಿ ಯಾವ ಕ್ರಮವನ್ನು ಹಿಡಿದರೂ ದೊರೆಯುವ ಉತ್ತರ ಹೆಚ್ಚುಕಡಮೆ ಒಂದೇ ಎಂಬ ನಂಬಿಕೆ ಕಳೆದ ಶತಮಾನದ ಬಹುಭಾಗ ನೆಲೆಯೂರಿ ನಿಂತಿತ್ತು; ತಕ್ಕಡಿಯು ಕೈಗೆ ಸುಲಭವಾಗಿ ಒದಗುವ ಸಾಧನವಾದುದರಿಂದ ಎಂಜಿನ್ನಿನ ಮಸಿಯನ್ನು ಹದ್ದಿನಲ್ಲಿಡಲು ಹೊರಟ ಕಾನೂನುಗಳು ಬಹುಮಟ್ಟಿಗೆ ತೂಕದ ಲೆಕ್ಕದಲ್ಲಿಯೇ ರಚಿತವಾದುವು. ಆದರೆ ಗೋಳದ ಗಾತ್ರವು ವ್ಯಾಸದ ಘನವನ್ನು ಅನುಸರಿಸುವುದೆಂದು ಶಾಲೆಯಲ್ಲಿ ಕಲಿತವರೆಲ್ಲರೂ ಈ ನಂಬಿಕೆಯ ಬಿರುಕನ್ನು ತಾವೇ ಕಂಡುಕೊಳ್ಳಬಹುದು. ಹತ್ತು ಮೈಕ್ರೋಮೀಟರ್ ವ್ಯಾಸವುಳ್ಳ ಒಂದು ಧೂಳಿನ ಕಣವನ್ನು ಒಂದು ತಟ್ಟೆಯಲ್ಲಿಟ್ಟು, ಅದರ ನೂರನೆಯ ಒಂದು ಪಾಲಿನ, ಎಂದರೆ 100 ನ್ಯಾನೊಮೀಟರ್ ವ್ಯಾಸದ ಮಸಿಕಣಗಳನ್ನು ಇನ್ನೊಂದು ತಟ್ಟೆಗೆ ಸುರಿಯುತ್ತ ಹೋದರೆ, ಸಾಂದ್ರತೆ ಎರಡಕ್ಕೂ ಸಮಾನವೆಂದು ಇಟ್ಟುಕೊಂಡಲ್ಲಿ, ತಕ್ಕಡಿ ಸಮವಾಗುವ ಹೊತ್ತಿಗೆ ಹತ್ತು ಲಕ್ಷ ಕಣಗಳನ್ನು ಸುರಿದಿರುತ್ತೇವೆ. ಮೊದಲನೆಯ ಕಣ ಬಹುಮಟ್ಟಿಗೆ ಮೂಗಿನಲ್ಲಿಯೋ ಗಂಟಲಿನಲ್ಲಿಯೋ ತಡೆದು ನಿಂತು ಕಫದೊಡನೆ ಹೊರಬೀಳುವುದು. ಎರಡನೆಯ ಹತ್ತು ಲಕ್ಷ ಶ್ವಾಸಕೋಶದ ಕೊನೆಯ ಕೋಣೆಯವರೆಗೂ ಹೋಗಬಲ್ಲುವು, ಮತ್ತು ಅವುಗಳ ಒಟ್ಟು ಮೇಲ್ಮೈ ಮೊದಲನೆಯದರ ನೂರು ಪಾಲು. ತಕ್ಕಡಿಗೆ ಮಾತ್ರ ಇವೆರಡರಲ್ಲಿ ಭೇದವಿಲ್ಲ.

ಎಣಿಸುವ ವಿದ್ಯೆ ತೂಗುವ ಕಾನೂನಿಗಿಂತ ಬಹಳ ಹಳೆಯದು ಎಂಬುದು ಈ ಕಥೆಯ ವಿಚಿತ್ರಗಳಲ್ಲೊಂದು. ಸ್ಕಾಟ್ಲೆಂಡಿನ ಫಾಲ್ಕರ್ಕ್ ಎಂಬ ಊರಿನಲ್ಲಿ ಜಾನ್ ಏಟ್ಕನ್ ಎಂಬ ಒಬ್ಬ ಗೃಹಸ್ಥನಿದ್ದನು; ಎಂಜಿನಿಯರಿಂಗ್ ಕಲಿತವನಾದರೂ ದೇಹಾರೋಗ್ಯ ಕೆಟ್ಟು ಉದ್ಯೋಗಕ್ಕೆ ಹೋಗಲಾರದೆ, ಮನೆಯಲ್ಲಿಯೇ ಕುಳಿತು ತನ್ನ ಉಪಕರಣಗಳನ್ನು ತಾನೇ ಕಡೆದು ಕೂಡಿಸಿಕೊಳ್ಳುತ್ತಿದ್ದನು. ಗಾಳಿಯಲ್ಲಿ ನೀರಾವಿ ತುಂಬಿದ್ದ ಮಾತ್ರಕ್ಕೆ ಮಂಜು ಕವಿಯದು, ಆವಿ ಹನಿಗಟ್ಟುವುದಕ್ಕೆ ಒಂದೊಂದು ಹನಿಗೂ ಒಂದೊಂದು ಕಣ ಬೀಜವಾಗಿ ಒದಗಬೇಕು ಎಂಬುದನ್ನು ಆತನು 1880ರಲ್ಲಿ ಪ್ರಯೋಗದಿಂದ ತೋರಿಸಿದನು. ಇದೇ ತತ್ತ್ವವನ್ನು ತಿರುವಿಹಾಕಿದರೆ ಎಣಿಕೆಯ ಯಂತ್ರ ಸಿದ್ಧವಾಗುವುದು: ಪರೀಕ್ಷಿಸಬೇಕಾದ ಅಲ್ಪ ಪ್ರಮಾಣದ ಗಾಳಿಯನ್ನು ಹತ್ತಿಯಲ್ಲಿ ಸೋಸಿದ ನಿರ್ಮಲವಾದ ಗಾಳಿಯೊಡನೆ ಬೆರೆಸಿ, ಒದ್ದೆಯಾದ ಪಾತ್ರೆಯಲ್ಲಿ ಆವಿಯಿಂದ ತುಂಬಿಸಿ, ಪಂಪಿನಿಂದ ಥಟ್ಟನೆ ಹಿಗ್ಗಿಸಿದರೆ ಗಾಳಿ ತಣ್ಣಗಾಗಿ ಪ್ರತಿಯೊಂದು ಕಣವೂ ನೀರಿನ ಅಂಗಿ ತೊಟ್ಟು ಹನಿಯಾಗುವುದು, ಚೌಕುಳಿ ಗೆರೆಗಳನ್ನು ಕೊರೆದ ಪುಟ್ಟ ಫಲಕದ ಮೇಲೆ ಆ ಹನಿಗಳು ಬೀಳುವುವು, ಭೂತಗನ್ನಡಿ ಹಿಡಿದು ಲೆಕ್ಕ ಮಾಡಿದರಾಯಿತು. ಬರಿಗಣ್ಣಿಗಿರಲಿ, ಅಂದಿನ ಅತ್ಯುತ್ತಮ ಸೂಕ್ಷ್ಮದರ್ಶಕಕ್ಕೂ ಸಿಗದ ವಸ್ತುವನ್ನು ಈ ಮನುಷ್ಯ ಬೆರಳೆಣಿಕೆಗೆ ತಂದುಬಿಟ್ಟನು! ಇಂದಿನ ಪ್ರಯೋಗಶಾಲೆಗಳಲ್ಲಿರುವ ಕಣಗಣಕದಲ್ಲಿ ನೀರಿನ ಬದಲು ಸಾಮಾನ್ಯವಾಗಿ ಬ್ಯೂಟನಾಲ್ ಆವಿಯೂ, ಕಣ್ಣಿನ ಬದಲು ಲೇಸರ್ ಕಿರಣವೂ ಕೆಲಸ ಮಾಡುವುವು. ತತ್ತ್ವದಲ್ಲಿ ವ್ಯತ್ಯಾಸವೇನೂ ಇಲ್ಲ.

ಈಗ ಹೊಗೆ ಹುಟ್ಟುವ ಸ್ಥಳಕ್ಕೆ ಬರೋಣ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಸಫಲವಾಗಿ ನಡೆಸಿ ತೋರಿಸಿದ ಎಂಜಿನ್ನಿನ ವೈಶಿಷ್ಟ್ಯವೆಂದರೆ ಅದಕ್ಕೆ ಕಿಡಿಯ ಅವಶ್ಯಕತೆಯಿಲ್ಲದಿರುವುದು. ಗಾಳಿಯನ್ನು ಅದರ ಮೂಲಗಾತ್ರದ ಹದಿನೈದು ಇಪ್ಪತ್ತನೆಯ ಒಂದು ಪಾಲಿಗೆ ಅದುಮಿದಾಗ ಏಳುವ ಶಾಖದಲ್ಲಿ, ಸಿಂಪಡಿಸಿದ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುವುದು. ಈಚಿನ ಎಂಜಿನ್ನುಗಳಲ್ಲಿ ಈ ಎಣ್ಣೆ ವಾಯುಮಂಡಲದ ಒತ್ತಡದ ಎರಡು ಸಾವಿರ ಪಾಲು ಒತ್ತಡದಲ್ಲಿ, ಕೂದಲೆಳೆಗಿಂತ ತುಸುವೇ ಅಗಲವಾದ ರಂಧ್ರಗಳಿಂದ ಚಿಮ್ಮುವುದು. ಚಿಮ್ಮಿ, ಆವಿಯಾಗಿ, ಉರಿದು ಮುಗಿಯುವುದೆಲ್ಲ ಕೆಲವೇ ಮಿಲಿಸೆಕೆಂಡುಗಳ ವ್ಯಾಪಾರ. ಆ ಅಲ್ಪಾವಧಿಯಲ್ಲಿ ಒಳಗೆ ನಡೆಯುವುದೇನೆಂಬುದು ಬಹುಕಾಲ ಊಹೆಯ ವಿಷಯವಾಗಿತ್ತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ಸ್ಯಾಂಡಿಯಾ ಪ್ರಯೋಗಶಾಲೆಯಲ್ಲಿ ಜಾನ್ ಡೆಕ್ ಎಂಬವರು ಲೋಹದ ಎಂಜಿನ್ನಿಗೆ ಗಾಜಿನ ಕಿಟಕಿಗಳನ್ನು ಕೂಡಿಸಿ, ಹಾಳೆಯಂತೆ ತೆಳುವಾಗಿ ಹರಡಿದ ಲೇಸರ್ ಬೆಳಕನ್ನು ಉರಿಯೊಳಕ್ಕೆ ಹಾಯಿಸಿ, ತೆಗೆದ ಚಿತ್ರಗಳನ್ನು ಒಟ್ಟುಗೂಡಿಸಿ 1997ರಲ್ಲಿ ಒಂದು ಸಮಗ್ರ ಕಲ್ಪನೆಯನ್ನು ಮುಂದಿಟ್ಟರು. ದ್ರವರೂಪದ ಎಣ್ಣೆ ಸುಮಾರು ಒಂದು ಅಂಗುಲ ದೂರ ಸಾಗುವಷ್ಟರಲ್ಲಿಯೇ ಪೂರ್ತಿ ಆವಿಯಾಗಿಬಿಡುವುದು. ಆ ಆವಿ ಸಾಲದಷ್ಟು ಗಾಳಿಯೊಡನೆ ಕೂಡಿ ಅರೆಬರೆ ಸುಟ್ಟು, ಆ ಅರೆಸುಟ್ಟ ದ್ರವ್ಯದಲ್ಲಿ ಮಸಿ ಅಂಕುರಿಸಿ ಧಾರೆಯ ಒಡಲೆಲ್ಲ ತುಂಬುವುದು. ಧಾರೆಯ ಹೊರಮೈಯನ್ನು ಆವರಿಸಿರುವ, 2400 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನ ತೆಳುವಾದ ಜ್ವಾಲೆಯನ್ನು ಹಾದುಹೋಗುವಾಗ ಆ ಮಸಿಯ ಬಹುಪಾಲು ಸುಟ್ಟು ಮಾಯವಾಗುವುದು. ಸೀಮೆಎಣ್ಣೆಯ ಲಾಂದ್ರದಲ್ಲಿ ಬತ್ತಿಯನ್ನು ಹೆಚ್ಚಾಗಿ ಏರಿಸಿದಾಗ ಗಾಜು ಕಪ್ಪಾಗುವುದೂ ಇದೇ ಕಾರಣದಿಂದ: ಒಳಗೆ ಹುಟ್ಟಿದ ಮಸಿಯನ್ನು ಸುಟ್ಟು ತೀರಿಸುವಷ್ಟು ಗಾಳಿ ಹೊರಗಿನ ಉರಿಗೆ ಸಿಗಲಿಲ್ಲ.

ಆದುದರಿಂದ ಹೊಗೆಕೊಳವೆಯಲ್ಲಿ ನಮಗೆ ಕಾಣುವುದು ಹುಟ್ಟಿದ ಮಸಿಯ ಮೊತ್ತವಲ್ಲ; ಹುಟ್ಟಿದುದರಲ್ಲಿ ಸುಟ್ಟುದನ್ನು ಕಳೆದ ಶೇಷ. ಜಪಾನಿನ ಹಿರೋಯಾಸು ಮತ್ತವರ ಸಹೋದ್ಯೋಗಿಗಳು 1983ರಲ್ಲಿ ರೂಪಿಸಿದ, ಇಂದಿಗೂ ಬಳಕೆಯಲ್ಲಿರುವ ಗಣಿತದ ಮಾದರಿಯಲ್ಲಿ ಇರುವುದು ಈ ಎರಡೇ ಪದಗಳು: ಒಂದು ಹುಟ್ಟಿನ ವೇಗ, ಇನ್ನೊಂದು ದಹನದ ವೇಗ. ಎರಡು ದೊಡ್ಡ ಸಂಖ್ಯೆಗಳ ನಡುವಣ ಚಿಕ್ಕ ಅಂತರವನ್ನು ಕಂಡುಹಿಡಿಯಬೇಕಾದಾಗ ಯಾವುದಾದರೊಂದರಲ್ಲಿ ಶೇಕಡ ಐದರಷ್ಟು ತಪ್ಪು ನುಸುಳಿದರೂ ಉತ್ತರ ಇಮ್ಮಡಿಯಾಗಿಯೋ ಅರ್ಧವಾಗಿಯೋ ಹೋಗಬಹುದೆಂಬುದನ್ನು ಮನೆಯ ಜಮಾಖರ್ಚು ಬರೆಯುವವರೂ ಬಲ್ಲರು. ಲಾಸ್ ಅಲಮೋಸ್ ಪ್ರಯೋಗಶಾಲೆಯವರು 1985ರಲ್ಲಿ ಹೊರತಂದ ಕೀವಾ ಎಂಬ ಗಣಕವಿಧಿಯಿಂದ ಮೊದಲುಗೊಂಡು, ಸಿಲಿಂಡರಿನ ಒಳಗನ್ನು ಲಕ್ಷಾಂತರ ಸಣ್ಣ ಕೋಶಗಳಾಗಿ ವಿಭಜಿಸಿ ಒಂದೊಂದರಲ್ಲಿಯೂ ಹರಿವು, ಶಾಖ, ರಾಸಾಯನಿಕ ಕ್ರಿಯೆಗಳನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕುವ ಸಾಮರ್ಥ್ಯ ಇಂದು ಬೆಳೆದಿರುವುದಾದರೂ, ಮಸಿಯ ವಿಷಯದಲ್ಲಿ ಗಣಿತವು ಪ್ರಯೋಗದ ಕೈಹಿಡಿಯದೆ ನಡೆಯಲಾರದೆಂದು ನಾನು ಭಾವಿಸುವುದಕ್ಕೆ ಕಾರಣ ಇದೇ. ಗಾಜಿನ ಕಿಟಕಿಯಿಲ್ಲದೆ ಸಮೀಕರಣಕ್ಕೆ ಕಣ್ಣಿಲ್ಲ. ಸಮೀಕರಣವಿಲ್ಲದೆ ಕಿಟಕಿಯಲ್ಲಿ ಕಂಡುದನ್ನು ಮತ್ತೊಂದು ಎಂಜಿನ್ನಿಗೆ ಅನ್ವಯಿಸುವ ದಾರಿಯಿಲ್ಲ.

ಇಲ್ಲಿಯೇ ಮತ್ತೊಂದು ಸಂಕಟವೂ ಹುಟ್ಟುವುದು. ಮಸಿಯನ್ನು ಸುಡುವ ಆ ಹೊರಮೈಯ ಶಾಖದಲ್ಲಿಯೇ ಗಾಳಿಯ ನೈಟ್ರೋಜನ್ನೂ ಆಕ್ಸಿಜನ್ನೂ ಕೂಡಿ ನೈಟ್ರಿಕ್ ಆಕ್ಸೈಡ್ ಆಗುವುವು. ಈ ಕ್ರಿಯೆಯ ಕ್ರಮವನ್ನು ರಷ್ಯದ ಭೌತವಿಜ್ಞಾನಿ ಯಾಕೋವ್ ಜೆಲ್ಡೊವಿಚ್ 1940ರ ದಶಕದಲ್ಲಿ ವಿವರಿಸಿದರು. ಉರಿಯನ್ನು ತಂಪಾಗಿಸಿದರೆ ಈ ಅನಿಲ ತಗ್ಗುವುದು, ಮಸಿ ಉಳಿಯುವುದು. ಉರಿಯನ್ನು ಬಿಸಿಯಾಗಿಸಿದರೆ ಮಸಿ ಸುಡುವುದು, ಅನಿಲ ಏರುವುದು. ಡೀಸೆಲ್ ಎಂಜಿನಿಯರುಗಳ ಅರ್ಧ ಶತಮಾನದ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಇಕ್ಕಟ್ಟಿನಿಂದ ಪಾರಾಗುವ ಪ್ರಯತ್ನಗಳ ಚರಿತ್ರೆ.

ಕೊಳವೆಯಿಂದ ಹೊರಬಂದ ಮೇಲೆಯೂ ಹೊಗೆಯ ರೂಪಾಂತರ ಮುಗಿಯದು. ಒಳಗೆ ಹುಟ್ಟಿದ ಮಸಿಯು ಇಪ್ಪತ್ತು ಮೂವತ್ತು ನ್ಯಾನೊಮೀಟರಿನ ಗುಂಡುಗಳು ಸರಪಳಿಯಾಗಿ, ಗೊಂಚಲಾಗಿ ಅಂಟಿಕೊಂಡ ಘನದ್ರವ್ಯ. ಅದರೊಡನೆ ಆವಿಯಾಗಿ ಬಂದ ಕೀಲೆಣ್ಣೆಯ ಅಂಶವೂ ಗಂಧಕಾಮ್ಲವೂ ತಂಪಾದ ಹೊರಗಾಳಿ ತಾಗಿದೊಡನೆ ಇನ್ನೂ ಸಣ್ಣ ಹನಿಗಳಾಗಿ ಘನೀಭವಿಸುವುವು; ಎಷ್ಟು ಹುಟ್ಟುವುವು ಎಂಬುದು ಗಾಳಿಯ ತಂಪನ್ನೂ ತೇವವನ್ನೂ ಬೆರೆಯುವ ವೇಗವನ್ನೂ ಅವಲಂಬಿಸಿರುವುದರಿಂದ, ಪ್ರಯೋಗಶಾಲೆಯ ಎಣಿಕೆಗೂ ರಸ್ತೆಯ ಎಣಿಕೆಗೂ ತಾಳೆ ಬೀಳದೆ ಹೋಗುವುದುಂಟು. ಮಿನ್ನೆಸೋಟ ವಿಶ್ವವಿದ್ಯಾನಿಲಯದ ಡೇವಿಡ್ ಕಿಟಲ್ಸನ್ನರ ತಂಡದವರು ಪ್ರಯೋಗಶಾಲೆಯನ್ನೇ ಒಂದು ವಾಹನದ ಮೇಲೆ ಹೇರಿಕೊಂಡು ಹೆದ್ದಾರಿಯಲ್ಲಿ ಲಾರಿಗಳ ಬೆನ್ನುಹತ್ತಿ ಹೋಗಿ ಅವುಗಳ ಹೊಗೆಯ ಜಾಡಿನಲ್ಲಿಯೇ ಎಣಿಸಿದುದು ಈ ತಾಪತ್ರಯದಿಂದಲೇ. ಯೂರೋಪಿನ ಶಾಸನಕರ್ತರು ಬೇರೊಂದು ಉಪಾಯ ಹೂಡಿದರು: ಹೊಗೆಯನ್ನು ಮೊದಲು ಚೆನ್ನಾಗಿ ಕಾಯಿಸಿ ಹನಿಗಳನ್ನು ಆವಿಯಾಗಿಸಿ, ಉಳಿದ ಘನಕಣಗಳಲ್ಲಿ 23 ನ್ಯಾನೊಮೀಟರಿಗಿಂತ ದೊಡ್ಡವನ್ನು ಮಾತ್ರ ಎಣಿಸತಕ್ಕುದು ಎಂದರು. ಎಲ್ಲಿ ಎಣಿಸಿದರೂ ಒಂದೇ ಸಂಖ್ಯೆ ಬರಬೇಕಾದರೆ ಇಂಥದೊಂದು ಗೆರೆ ಅಗತ್ಯವಾಗಿತ್ತು. ಆದರೆ 22 ನ್ಯಾನೊಮೀಟರಿನ ಕಣ ಶ್ವಾಸಕೋಶಕ್ಕೆ ಬೇಡವಾದುದೇನೂ ಅಲ್ಲ. ಹೊಸ ಯೂರೋ 7 ನಿಯಮದಲ್ಲಿ ಈ ಗೆರೆ 10 ನ್ಯಾನೊಮೀಟರಿಗೆ ಇಳಿದಿದೆ.

ಶ್ವಾಸಕೋಶದ ಭೌತವಿಜ್ಞಾನ ಎಂಜಿನ್ನಿನದಕ್ಕಿಂತ ಕಡಮೆ ಕುತೂಹಲಕರವಲ್ಲ. ಸ್ವಿಸ್ ಅಂಗರಚನಾಶಾಸ್ತ್ರಜ್ಞ ಎವಾಲ್ಡ್ ವೈಬೆಲ್ 1963ರಲ್ಲಿ ಅದಕ್ಕೊಂದು ಗಣಿತರೂಪವನ್ನು ಕೊಟ್ಟರು: ಶ್ವಾಸನಾಳವು ಎರಡಾಗಿ, ಎರಡು ನಾಲ್ಕಾಗಿ, ಹೀಗೆ 23 ಸಲ ಕವಲೊಡೆದು ಕೋಟ್ಯಂತರ ಗಾಳಿಗೂಡುಗಳಲ್ಲಿ ಮುಗಿಯುವ ಮರ. ಈ ಮರವನ್ನು ಹೊಕ್ಕ ದೊಡ್ಡ ಕಣ ತಿರುವಿನಲ್ಲಿ ತಿರುಗಲಾರದೆ ಗೋಡೆಗೆ ಬಡಿಯುವುದು. ಅದಕ್ಕಿಂತ ಚಿಕ್ಕದು, ಗಾಳಿ ನಿಧಾನವಾದ ಒಳಕವಲುಗಳಲ್ಲಿ ತನ್ನ ಭಾರದಿಂದಲೇ ಮೆಲ್ಲಗೆ ಇಳಿಯುವುದು. ಅತ್ಯಂತ ಚಿಕ್ಕದಾದುದು ಗಾಳಿಯ ಅಣುಗಳ ತಾಡನಕ್ಕೆ ಸಿಕ್ಕಿ ಅತ್ತಿತ್ತ ನಲುಗಾಡುತ್ತ, 1905ರಲ್ಲಿ ಐನ್‌ಸ್ಟೈನ್ ಸಮೀಕರಣದಲ್ಲಿ ಹಿಡಿದ ಆ ಬ್ರೌನಿಯನ್ ಚಲನೆಯಿಂದ, ಗೋಡೆಯನ್ನು ಮುಟ್ಟುವುದು. ಮೂರನ್ನೂ ಕೂಡಿಸಿ ಲೆಕ್ಕ ಹಾಕಿದರೆ ಒಂದು ಸೋಜಿಗ ಹೊರಪಡುತ್ತದೆ: 300ರಿಂದ 500 ನ್ಯಾನೊಮೀಟರಿನ ನಡುವಣ ಕಣ ಬಡಿಯುವಷ್ಟು ದೊಡ್ಡದಲ್ಲ, ನಲುಗಾಡುವಷ್ಟು ಚಿಕ್ಕದೂ ಅಲ್ಲ, ಆದುದರಿಂದ ಅದರ ಬಹುಪಾಲು ಉಸಿರಿನೊಡನೆ ಒಳಹೋದಂತೆಯೇ ಹೊರಬರುವುದು. ಅದಕ್ಕಿಂತ ಚಿಕ್ಕದಾದ, 20 ನ್ಯಾನೊಮೀಟರಿನ ಆಸುಪಾಸಿನ ಕಣಗಳಲ್ಲಾದರೋ ಸುಮಾರು ಅರ್ಧದಷ್ಟು ಗಾಳಿಗೂಡುಗಳಲ್ಲಿಯೇ ನೆಲೆನಿಲ್ಲುವುವು. ಜರ್ಮನಿಯಲ್ಲಿ ಯೋಆಕಿಮ್ ಹೈಡರ್ ಮೊದಲಾದವರು, ಗಾತ್ರದಲ್ಲಿ ಒಂದೇ ಸಮನಾದ ಕಣಗಳನ್ನು ಸ್ವಯಂಸೇವಕರಿಗೆ ಉಸಿರಾಡಲು ಕೊಟ್ಟು, ಒಳಹೋದವೆಷ್ಟು ಹೊರಬಂದವೆಷ್ಟು ಎಂದು ಅಳೆದು 1986ರಲ್ಲಿ ಪ್ರಕಟಿಸಿದ ಅಂಕಿಗಳೂ ಇದನ್ನೇ ಹೇಳಿದುವು.

ದೇಹದೊಳಕ್ಕೆ ಹೋದ ಕಣ ಕೇಡು ಮಾಡುವುದೆಂಬುದಕ್ಕೆ ಸಾಕ್ಷ್ಯವೇನು? ಲಂಡನ್ನಿನಲ್ಲಿ 1952ರ ಡಿಸೆಂಬರಿನ ಮಸಿಮಂಜು ಸುಮಾರು ನಾಲ್ಕು ಸಾವಿರ ಜನರನ್ನು ಬಲಿ ತೆಗೆದುಕೊಂಡಿತೆಂದು ಅಂದಿನವರು ಲೆಕ್ಕ ಹಾಕಿದ್ದರು. ಆದರೆ ಅದು ಕಲ್ಲಿದ್ದಲಿನ ಹೊಗೆ, ಮೇಲಾಗಿ ಅಂಥ ದುರಂತಕ್ಕೆ ಗಣಿತ ಬೇಕಾಗಿರಲಿಲ್ಲ. ಸಾಧಾರಣವಾದ ಗಾಳಿಯಲ್ಲಿ, ಸಾಧಾರಣವಾದ ದಿನಗಳಲ್ಲಿ ನಡೆಯುವ ಕೇಡನ್ನು ಹಿಡಿಯುವುದು ಕಷ್ಟ. ಹಾರ್ವರ್ಡಿನ ಸಂಶೋಧಕರು ಅಮೆರಿಕದ ಆರು ಊರುಗಳ 8,111 ವಯಸ್ಕರನ್ನು ಹದಿನಾಲ್ಕು ಹದಿನಾರು ವರ್ಷಗಳ ಕಾಲ ಅನುಸರಿಸಿ, ಧೂಮಪಾನವೇ ಮೊದಲಾದ ಬೇರೆ ಕಾರಣಗಳನ್ನು ಸಂಖ್ಯಾಶಾಸ್ತ್ರದಿಂದ ಬೇರ್ಪಡಿಸಿ, ಗಾಳಿ ಅತ್ಯಂತ ಮಲಿನವಾದ ಸ್ಟೂಬೆನ್‌ವಿಲ್ಲಿನಲ್ಲಿ ಮರಣದ ದರ ಅತ್ಯಂತ ನಿರ್ಮಲವಾದ ಪೋರ್ಟೇಜಿಗಿಂತ ಶೇಕಡ 26ರಷ್ಟು ಹೆಚ್ಚೆಂದು 1993ರಲ್ಲಿ ತಿಳಿಸಿದರು. ಈ ಸಂಖ್ಯೆಯ ಆಧಾರದ ಮೇಲೆ ಕಾನೂನು ಏಳುವ ಸೂಚನೆ ಕಂಡೊಡನೆ, ಮೂಲದ ಅಂಕಿಗಳನ್ನು ಬಯಲಿಗಿಡಿರೆಂದು ಉದ್ಯಮಿಗಳ ಪಕ್ಷ ಗದ್ದಲವೆಬ್ಬಿಸಿತು. ಅಧ್ಯಯನಕ್ಕೆ ಒಳಗಾದವರ ಗುಟ್ಟು ಕಾಯುವುದಾಗಿ ಮಾತು ಕೊಟ್ಟಿದ್ದ ಸಂಶೋಧಕರು ಒಪ್ಪಲಿಲ್ಲ. ಕಡೆಗೆ ಸರಕಾರವೂ ಮೋಟಾರು ಉದ್ಯಮವೂ ಸಮವಾಗಿ ಹಣ ಕೊಟ್ಟು ನಡೆಸುವ ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್ ಮಧ್ಯಸ್ಥವಾಗಿ, ಕೆನಡದ ಡೇನಿಯಲ್ ಕ್ರೂಸ್ಕಿಯವರ ತಂಡಕ್ಕೆ ಅಂಕಿಗಳನ್ನೊಪ್ಪಿಸಿ ಆದಿಯಿಂದ ಮರುಗಣನೆ ಮಾಡಿಸಿತು. 2000ದಲ್ಲಿ ಬಂದ ವರದಿ ಮೊದಲಿನ ಫಲಿತಾಂಶವನ್ನೇ ಎತ್ತಿಹಿಡಿಯಿತು. ಜಗಳವಾಡಿದವರಿಬ್ಬರೂ ನಂಬುವ ಮೂರನೆಯವನಿಂದ ಲೆಕ್ಕ ಮಾಡಿಸುವ ಈ ವಿವೇಕ ನಮ್ಮ ದೇಶದ ಮಾಲಿನ್ಯ ವಿವಾದಗಳಲ್ಲಿಯೂ ಬಂದರೆ ಎಷ್ಟೋ ವ್ಯರ್ಥ ವಾಗ್ವಾದ ತಪ್ಪೀತು. ತಕ್ಕಡಿಯನ್ನು ಹಳಿಯುತ್ತ ಬಂದ ನಾನು ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ: ಈ ಮಹತ್ತ್ವದ ಅಧ್ಯಯನ ನಿಂತಿರುವುದೂ ಕಣಗಳ ತೂಕದ ಮೇಲೆಯೇ. ಊರೂರುಗಳಲ್ಲಿ ಗಾಳಿಯನ್ನು ಅಳೆಯುವ ಕೇಂದ್ರಗಳು ಇಂದಿಗೂ ಸಾಮಾನ್ಯವಾಗಿ ತೂಗುವುವೇ ಹೊರತು ಎಣಿಸವು.

ಡೀಸೆಲ್ ಕಣಗಳ ಕೇಡಿಗೆ ನೇರವಾದ ಸಾಕ್ಷ್ಯ ಒದಗಿದುದು ಸ್ವೀಡನ್ನಿನ ಉಮಿಯೋ ಎಂಬಲ್ಲಿಯ ಒಂದು ಮುಚ್ಚಿದ ಕೋಣೆಯಿಂದ. ಹಿಂದೆ ಹೃದಯಾಘಾತವಾಗಿ ಚೇತರಿಸಿಕೊಂಡಿದ್ದ 20 ಗಂಡಸರು ಅಲ್ಲಿ ಒಂದು ಗಂಟೆಯ ಕಾಲ, ಸ್ವಲ್ಪ ಹೊತ್ತು ಸೈಕಲ್ ತುಳಿಯುತ್ತ ಸ್ವಲ್ಪ ಹೊತ್ತು ವಿಶ್ರಮಿಸುತ್ತ, ಒಂದು ದಿನ ಸೋಸಿದ ಗಾಳಿಯನ್ನೂ ಇನ್ನೊಂದು ದಿನ ವೋಲ್ವೋ ಡೀಸೆಲ್ ಎಂಜಿನ್ನಿನ ತೆಳುಗೊಳಿಸಿದ ಹೊಗೆಯನ್ನೂ ಉಸಿರಾಡಿದರು. ಹೊಗೆಯ ಪ್ರಮಾಣ ಘನಮೀಟರಿಗೆ 300 ಮೈಕ್ರೋಗ್ರಾಮು. ದಟ್ಟಣೆಯ ರಸ್ತೆಯ ಬದಿಯಲ್ಲಿ ನಿಂತವರಿಗೆ ಅದು ಹೊಸತಲ್ಲ. ಎಡಿನ್‌ಬರೋದ ನಿಕೊಲಸ್ ಮಿಲ್ಸ್ ಮೊದಲಾದವರು 2007ರಲ್ಲಿ ಪ್ರಕಟಿಸಿದಂತೆ, ಹೊಗೆಯ ದಿನ ಅವರ ಇಸಿಜಿಯಲ್ಲಿ ಹೃದಯಕ್ಕೆ ರಕ್ತ ಸಾಲದಾದ ಗುರುತು ಹೆಚ್ಚಾಗಿ ಮೂಡಿತು. ರಕ್ತದ ಹೆಪ್ಪನ್ನು ಕರಗಿಸಲು ನಾಳಗಳು ಸ್ರವಿಸುವ ದ್ರವ್ಯ ಆರು ಗಂಟೆಗಳ ಅನಂತರವೂ ಶೇಕಡ 35ರಷ್ಟು ಕಡಮೆಯಾಗಿತ್ತು. ಇದು ಕಣದ ಕೆಲಸವೋ ಅನಿಲದ್ದೋ ಎಂಬ ಸಂಶಯವನ್ನೂ ಅವರು ಬಿಡಲಿಲ್ಲ. ನೈಟ್ರೋಜನ್ ಡೈಆಕ್ಸೈಡನ್ನು ಮಾತ್ರ ಕೊಟ್ಟು ನೋಡಿದಾಗ ರಕ್ತನಾಳಗಳಲ್ಲಿ ವಿಕಾರ ತೋರಲಿಲ್ಲ. ಎಂಜಿನ್ನಿಗೆ ಸೋಸುಕವನ್ನು ಜೋಡಿಸಿ ಕಣಗಳ ತೂಕವನ್ನು 320 ಮೈಕ್ರೋಗ್ರಾಮಿನಿಂದ ಸುಮಾರು 7ಕ್ಕೆ ಇಳಿಸಿದಾಗ ನಾಳಗಳ ಸ್ಥಿತಿ ಸುಧಾರಿಸಿ ರಕ್ತ ಹೆಪ್ಪುಗಟ್ಟುವುದೂ ತಗ್ಗಿತು. ಕಣ ಶ್ವಾಸಕೋಶವನ್ನು ದಾಟುವುದೇ ಎಂಬುದಕ್ಕೆ 2017ರ ಪ್ರಯೋಗದಲ್ಲಿ ಚಿನ್ನದ ನ್ಯಾನೊಕಣಗಳನ್ನು ಉಸಿರಾಡಿಸಿದರು, ಏಕೆಂದರೆ ಚಿನ್ನ ದೇಹಕ್ಕೆ ಕೇಡು ಮಾಡದು, ರಕ್ತದಲ್ಲಿ ಅದನ್ನು ಗುರುತಿಸುವುದೂ ಸುಲಭ. ಕೆಲವರ ರಕ್ತದಲ್ಲಿ ಹದಿನೈದೇ ನಿಮಿಷಗಳಲ್ಲಿ ಅದು ಕಾಣಿಸಿಕೊಂಡಿತು, ಮೂರು ತಿಂಗಳ ಮೇಲೂ ಉಳಿದಿತ್ತು. ಇಷ್ಟರಲ್ಲಿ, ಗಣಿಕೆಲಸಗಾರರ ಮೇಲಣ ಅಧ್ಯಯನಗಳನ್ನೂ ಪರಿಶೀಲಿಸಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ನಿಶ್ಚಿತ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿಯಾಗಿತ್ತು.

ಅಳತೆಯನ್ನು ಎಲ್ಲಿ ಮಾಡುತ್ತೇವೆಂಬುದೂ ಏನನ್ನು ಅಳೆಯುತ್ತೇವೆಂಬಷ್ಟೇ ಮುಖ್ಯವೆಂದು ಲೋಕಕ್ಕೆ ಕಲಿಸಿದವರು ಪಶ್ಚಿಮ ವರ್ಜೀನಿಯ ವಿಶ್ವವಿದ್ಯಾನಿಲಯದ ಒಂದು ಚಿಕ್ಕ ತಂಡ. ಅದರಲ್ಲಿ ಭಾರತದಿಂದ ಹೋದ ತರುಣರೂ ಇದ್ದರು. ಅಳೆಯುವ ಉಪಕರಣವನ್ನು ಕಾರಿನ ಹಿಂಬದಿಯಲ್ಲಿ ಹೇರಿಕೊಂಡು ರಸ್ತೆಯಲ್ಲಿ ಓಡಿಸಿ ನೋಡಿದಾಗ, ಪರೀಕ್ಷಾಶಾಲೆಯಲ್ಲಿ ಸುಶೀಲವಾಗಿದ್ದ ಒಂದು ಫೋಕ್ಸ್‌ವ್ಯಾಗನ್ ಜೆಟ್ಟಾ ನೈಟ್ರೋಜನ್ ಆಕ್ಸೈಡುಗಳನ್ನು ಮಿತಿಯ 15ರಿಂದ 35 ಪಾಲು ಉಗುಳುತ್ತಿತ್ತು. ಅವರ ವರದಿ ಬಂದುದು 2014ರಲ್ಲಿ. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣ ಇಲಾಖೆ ಆ ಕಂಪನಿಯ ಮೋಸವನ್ನು ಬಹಿರಂಗಪಡಿಸಿತು. ಪರೀಕ್ಷೆಯನ್ನು ಗುರುತುಹಿಡಿದು ವೇಷ ಬದಲಿಸುವ ತಂತ್ರಾಂಶ ಜಗತ್ತಿನಾದ್ಯಂತ ಸುಮಾರು ಒಂದು ಕೋಟಿ ಹತ್ತು ಲಕ್ಷ ಕಾರುಗಳಲ್ಲಿ ಇತ್ತು.

ಯೂರೋಪು ಡೀಸೆಲ್ ಕಾರುಗಳಿಗೆ ಎಣಿಕೆಯ ಮಿತಿಯನ್ನು 2011ರಲ್ಲಿ ಜಾರಿಗೆ ತಂದಿತು: ಕಿಲೋಮೀಟರಿಗೆ 60,000 ಕೋಟಿ ಕಣಗಳಿಗೆ ಮೀರಕೂಡದು. ಸಂಖ್ಯೆ ಅಗಾಧವೆಂದು ತೋರಬಹುದು. ಸೋಸುಕವಿಲ್ಲದ ಎಂಜಿನ್ನು ಇದರ ಹತ್ತಾರು ಪಾಲು, ಒಮ್ಮೊಮ್ಮೆ ನೂರು ಪಾಲಿಗೂ ಮೇಲೆ ಹೊರಗೆಡಹುವುದು. ಭಾರತ ಐದನೆಯ ಮೆಟ್ಟಿಲನ್ನು ಹಾರಿ, 2020ರ ಏಪ್ರಿಲ್ 1ರಿಂದ ಜಾರಿಗೆ ತಂದ ಭಾರತ್ ಸ್ಟೇಜ್ 6 ನಿಯಮದಲ್ಲಿ ಇದೇ ಮಿತಿಯನ್ನು ಅಂಗೀಕರಿಸಿತು. ಅದಕ್ಕಾಗಿ ಡೀಸೆಲಿನಲ್ಲಿರುವ ಗಂಧಕವನ್ನು ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಸಲಾಯಿತು. ಈ ಮಿತಿಯನ್ನು ಸಾಧಿಸಿಕೊಡುವ ಸೋಸುಕ ಒಂದು ಪಿಂಗಾಣಿಯ ಜೇನುಹುಟ್ಟು. ಅದರ ಕೋಣೆಗಳ ಬಾಯಿಯನ್ನು ಒಂದು ಬಿಟ್ಟು ಒಂದರಂತೆ ಮುಚ್ಚಿರುವುದರಿಂದ ಹೊಗೆ ಗೋಡೆಯನ್ನು ತೂರಿಯೇ ಹೋಗಬೇಕು. ಗೋಡೆಯ ರಂಧ್ರಗಳು ಹತ್ತು ಮೈಕ್ರೋಮೀಟರಿಗಿಂತ ಅಗಲ. ಅದರ ನೂರನೆಯ ಒಂದು ಪಾಲಿನ ಕಣ ಅಲ್ಲಿ ಸಿಕ್ಕಿಬೀಳುವುದೆಂತು? ಗಾಳಿಗೂಡಿನಲ್ಲಿ ನಡೆದುದೇ ಇಲ್ಲಿಯೂ ನಡೆಯುವುದು: ಕಣ ನಲುಗಾಡುತ್ತ ಹೋಗಿ ಗೋಡೆ ಮುಟ್ಟಿ ಅಂಟಿಕೊಳ್ಳುವುದು. ಅಂಟಿದ ಮಸಿ ಪದರವಾಗಿ ಬೆಳೆದು ತಾನೇ ಇನ್ನೂ ನವುರಾದ ಸೋಸುಕವಾಗುವುದು. ಶ್ವಾಸಕೋಶಕ್ಕೆ ಮುಳುವಾದ ಭೌತನಿಯಮವೇ ಎಂಜಿನ್ನಿನಲ್ಲಿ ರಕ್ಷಕವಾಗಿ ದುಡಿಯುವುದು, ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಕಣಗಳನ್ನು ಹಿಡಿಯುವುದು.

ಸೋಸುಕ ಸೀಳಿದರೆ, ಅಥವಾ ಮೈಲೇಜು ತಗ್ಗಿತೆಂದು ಮಾಲಿಕನೇ ಅದನ್ನು ಬಿಚ್ಚಿಸಿ ಎಸೆದರೆ, ತಿಳಿಯುವ ಬಗೆ ಯಾವುದು? ಪೆಟ್ರೋಲ್ ಬಂಕಿನ ಮೂಲೆಯಲ್ಲಿ ನಾವೆಲ್ಲ ಮಾಡಿಸುವ ಎಮಿಷನ್ ಟೆಸ್ಟಿನಲ್ಲಿ ಡೀಸೆಲ್ ವಾಹನದ ಕೊಳವೆಗೆ ಒಂದು ಸಲಾಕೆಯನ್ನು ತೂರಿಸಿ, ಗೇರಿಲ್ಲದೆ ಆಕ್ಸಿಲರೇಟರನ್ನು ನಾಲ್ಕಾರು ಬಾರಿ ಪೂರ್ತಿ ತುಳಿಸಿ, ಹೊಗೆಯು ಬೆಳಕನ್ನು ಎಷ್ಟು ತಡೆಯಿತೆಂದು ನೋಡಿ ಚೀಟಿ ಕೊಡುವರು. ಬೆಳಕಿನ ಅಲೆಗಿಂತ ಬಹಳ ಚಿಕ್ಕದಾದ ಕಣವನ್ನು ಈ ಉಪಕರಣ ಹಿಡಿಯಲಾರದು. ಬಿರುಕುಬಿಟ್ಟ ಸೋಸುಕದ ವಾಹನ ಇದರಲ್ಲಿ ಸರಾಗವಾಗಿ ತೇರ್ಗಡೆಯಾಗಬಹುದು. ಬೆಲ್ಜಿಯಂ 2022ರಿಂದಲೂ, ನೆದರ್ಲೆಂಡ್ಸ್ ಮತ್ತು ಜರ್ಮನಿ 2023ರಿಂದಲೂ ಸೋಸುಕವುಳ್ಳ ಡೀಸೆಲ್ ವಾಹನಗಳ ನಿಯತಕಾಲಿಕ ತಪಾಸಣೆಯಲ್ಲಿ ಕಣಗಳನ್ನೇ ಎಣಿಸುತ್ತಿವೆ. ಘನ ಸೆಂಟಿಮೀಟರಿಗೆ ನೆದರ್ಲೆಂಡ್ಸಿನಲ್ಲಿ ಹತ್ತು ಲಕ್ಷ, ಜರ್ಮನಿಯಲ್ಲಿ ಎರಡೂವರೆ ಲಕ್ಷ ಮೀರಿದರೆ ವಾಹನ ಅನುತ್ತೀರ್ಣ. ವಾಹನ ನಿಶ್ಚಲವಾಗಿದ್ದು ಎಂಜಿನ್ನು ಓಡುತ್ತಿರುವಾಗಲೇ ಮಾಡಬಹುದಾದ, ಕೆಲವೇ ನಿಮಿಷಗಳಲ್ಲಿ ಮುಗಿಯುವ ಪರೀಕ್ಷೆ ಇದು. ಕಾರ್ಖಾನೆಯ ಬಾಗಿಲಲ್ಲಿ ಕಣಗಳನ್ನು ಎಣಿಸಬೇಕೆಂದು ವಿಧಿಸಿರುವ ನಮ್ಮ ಸರಕಾರ, ಭಾರತ್ ಸ್ಟೇಜ್ 6ರ ಡೀಸೆಲ್ ವಾಹನಗಳ ಮಟ್ಟಿಗಾದರೂ, ಎಮಿಷನ್ ಟೆಸ್ಟಿನ ಕೇಂದ್ರಗಳಲ್ಲಿಯೂ ಎಣಿಕೆಯನ್ನು ಕಡ್ಡಾಯ ಮಾಡತಕ್ಕುದು.